ಎರಡು ಪಾಸ್‌ಪೋರ್ಟು, ಒಂದು ಫೋಟೊ

ನಮ್ಮನೆಯವರಿಗೆ ಫೋಟೊ ಎಂದರೆ ಆಗುತ್ತಿರಲಿಲ್ಲ. ಯಾಕೆ ಎಂದರೆ ಕಾರಣ ಹೇಳುವವರೂ ಅಲ್ಲ. ಮದುವೆ ಮನೆಯಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ ಸಾಕು, ಕೈ ತೊಳೆಯುವ ನೆಪ ಮಾಡಿ ಎದ್ದು ಹೋಗುತ್ತಿದ್ದರು. ಏಳಲು ಸಂದು ಸಿಗದಿದ್ದರೆ ಮುಖಕ್ಕೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ನಮ್ಮ ಮಗಳ ಮೊಬೈಲಿನಲ್ಲಿ ಅಪ್ಪಯ್ಯನದು ಎಂದು ಇರುವುದು ಒಂದು ಬೆನ್ನು, ಒಂದು ಕಿವಿ, ನಾಲ್ಕಾರು ಅಂಗೈ. ನಿವೃತ್ತಿಯ ದಿನ ಡಿಪೊದಲ್ಲಿ ತೆಗೆದ ಫೋಟೊ ಒಂದಿದೆ. ಅದರಲ್ಲಿ ಮೂಗಿನವರೆಗೆ ಹಾರ, ಹುಬ್ಬಿನವರೆಗೆ ಪೇಟ, ನಡುವೆ ಎರಡು ಕಣ್ಣು. ಆ ಕಣ್ಣುಗಳನ್ನೂ ಮುಚ್ಚಿಕೊಂಡಿದ್ದಾರೆ.

ಇಂಥವರಿಗೆ ಪಾಸ್‌ಪೋರ್ಟ್ ಮಾಡಿಸುವ ಹುಚ್ಚು ಹಿಡಿಯಿತು.

ಅವರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಹೆಚ್ಚು ವರ್ಷ ಓಡಿದ್ದು ಯಲ್ಲಾಪುರ–ಶಿರಸಿ ರೂಟಿನಲ್ಲಿ. ನಾನು ಯಲ್ಲಾಪುರದ ನಮ್ಮ ಮನೆಯ ಜಗಲಿಯಲ್ಲೇ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ನನಗೆ ಮನುಷ್ಯರು ಮೊದಲು ಕಾಣುವುದು ಹೆಗಲಿನಿಂದ. ನಮ್ಮನೆಯವರ ಎಡಹೆಗಲು ಬಲಕ್ಕಿಂತ ಒಂದು ಬೆರಳು ಕೆಳಗೆ. ಚರ್ಮದ ಚೀಲ ಅಷ್ಟು ವರ್ಷ ನೇತಾಡಿ ನೇತಾಡಿ ಹಾಗಾದದ್ದು. ಅವರ ಅಂಗಿಗಳನ್ನೆಲ್ಲ ಆ ಒಂದು ಬೆರಳು ನೋಡಿಕೊಂಡೇ ನಾನು ಹೊಲಿದೆ. ಅಂಗಡಿಯ ಅಂಗಿ ಹಾಕಿದರೆ ಸೊಟ್ಟಗೆ ಕಾಣುತ್ತಿದ್ದರು.

ನಿವೃತ್ತಿಯಾದ ಮೇಲೆ ಡಿಪೊದ ನಾಲ್ಕು ಜನ ಹೆಂಡಂದಿರ ಸಮೇತ ಶ್ರೀಲಂಕಾ ಪ್ರವಾಸಕ್ಕೆ ಹೋಗುವುದೆಂದು ಮಾತಾಯಿತು. ಜೀವಮಾನವಿಡೀ ಬಸ್ಸಿನಲ್ಲಿ ನಿಂತದ್ದಾಯಿತು, ಒಂದು ಸಲ ಕಿಟಕಿ ಪಕ್ಕ ಕೂತು ಹೋಗಬೇಕು ಎಂಬುದು ಇವರ ಆಸೆ. ನಾನು ತಮಾಷೆಗೆ, "ಹನುಮಂತಂಗೆ ಯಾವ ಪಾಸ್‌ಪೋರ್ಟ್ ಇತ್ತು?" ಎಂದೆ.

"ಅಂವ ಟಿಕೆಟ್ ಇಲ್ದೆ ಹೋದ ಮಾರಾಯ್ತಿ. ಅದಕ್ಕೇ ಬಾಲಕ್ಕೆ ಬೆಂಕಿ ಬಿತ್ತು" ಎಂದರು.

ಬಸ್‌ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಅಂಗಡಿಯಲ್ಲಿ ಇಬ್ಬರದೂ ಅರ್ಜಿ ತುಂಬಿಸಿದೆವು. ಶಿರಸಿಯ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಕೋಣೆಗೆ ಬರಲು ಒಂದೇ ದಿನ, ಒಬ್ಬರ ಹಿಂದೆ ಒಬ್ಬರಿಗೆ ವೇಳೆ ಸಿಕ್ಕಿತು. ಅಲ್ಲಿ ಕಾಗದ ಪತ್ರ ನೋಡಿದ ಮೇಲೆ ಬೆರಳಚ್ಚು, ಆಮೇಲೆ ಫೋಟೊ. ಫೋಟೊವನ್ನು ಅಲ್ಲಿಯವರೇ ತೆಗೆಯುತ್ತಾರೆಂದು ಇವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಲಂಕೆಯೂ ಬೇಡ ಎನ್ನುತ್ತಿದ್ದರೇನೊ.

ಕಂಪ್ಯೂಟರಿನ ಮುಂದೆ ಕೂತ ಹುಡುಗಿ, "ಕನ್ನಡಕ ತೆಗೀರಿ ಸರ್. ನೇರ ನೋಡಿ. ಹಲ್ಲು ಕಾಣಬಾರದು" ಎಂದಳು. ಇವರು ನನ್ನ ಕಡೆ ನೋಡಿದರು. ತಪ್ಪಿಸಿಕೊಳ್ಳುವ ದಾರಿ ನನ್ನಲ್ಲೂ ಇರಲಿಲ್ಲ. ಹೋಗಿ ಕಾಲರ್ ಸರಿ ಮಾಡಿ, ಬಂದು ಹುಡುಗಿಯ ಬೆನ್ನ ಹಿಂದೆ ನಿಂತೆ. ಪರದೆಯ ಮೇಲೆ ಅವರ ಮುಖ ಪೂರ್ತಿ ಬಂತು. ನೆರೆತ ಮೀಸೆ, ಬಲಗೆನ್ನೆಯ ಮೇಲೆ ಕ್ಷೌರ ಮಾಡುವಾಗ ಬಿಟ್ಟುಹೋದ ನಾಲ್ಕು ಬಿಳಿ ಕೂದಲು. ಅಷ್ಟು ಹೊತ್ತು ಅವರನ್ನು ನೆಟ್ಟಗೆ ನೋಡಿದ್ದು ಅದೇ ಮೊದಲಿರಬೇಕು. ಒಂದೇ ಸಲಕ್ಕೆ ಫೋಟೊ ಆಯಿತು.

ಆಮೇಲೆ ನನ್ನ ಸರದಿ. ನಾನು ನಿಂತಿದ್ದ ಜಾಗದಲ್ಲಿ ಈಗ ಅವರು ನಿಂತರು. ಹುಡುಗಿ "ರೆಡಿ" ಎಂದಳು. ಇವರು ಅವಳ ಮೇಜಿನ ಪಕ್ಕಕ್ಕೆ ಎರಡು ಬೆರಳಿನಿಂದ ಟಪಟಪ ಬಡಿದು, ಸಣ್ಣ ದನಿಯಲ್ಲಿ "ರೈಟ್" ಎಂದರು. ನನಗೆ ನಗು ತಡೆಯಲಿಲ್ಲ. ಎರಡನೇ ಸಲವೂ ಅದೇ ಆಟ.

"ಸರ್, ನೀವು ಹೊರಗೆ ನಿಲ್ತೀರಾ?" ಎಂದು ಹುಡುಗಿ ಸಿಡುಕಿದಳು.

ಮೂರನೇ ಸಲ ಅವರು ಬಾಯಿ ಬಿಡಲಿಲ್ಲ, ಎರಡು ಬೆರಳು ಮಾತ್ರ ಎತ್ತಿ ತೋರಿಸಿದರು. ನಾನು ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಫೋಟೊ ಆಗಿಹೋಯಿತು. "ಇರಲಿ, ಇದು ನಡೀತದೆ" ಎಂದು ಹುಡುಗಿ ಕೈಬಿಟ್ಟಳು.

ನಾಚಿಕೆಗೆ ನನಗೆ ಸಿಟ್ಟು ಬಂದಿತ್ತು. ಬಸ್ಸು ಹತ್ತಿದ ಮೇಲೆ, "ಎಂತ ಹುಡುಗಾಟ ನಿಂಗಳದ್ದು!" ಎಂದೆ.

"ಆನೆಂತ ಮಾಡಿದ್ನೆ? ರೈಟ್ ಹೇಳಿ ಬಸ್ಸು ಬಿಡಕ್ಕಲ್ದ?" ಎಂದು ಕಿಟಕಿಯ ಕಡೆ ತಿರುಗಿದರು.

ಕೆಲವು ದಿನ ಬಿಟ್ಟು ಪೊಲೀಸ್ ಸ್ಟೇಷನ್ನಿನಿಂದ ವಿಚಾರಣೆಗೆ ಬಂದರು. ಅಕ್ಕಪಕ್ಕದ ಇಬ್ಬರ ಸಹಿ ಬೇಕಿತ್ತು. ಹಿಟ್ಟಿನ ಗಿರಣಿ ನಡೆಸುವ ಪಕ್ಕದ ಮನೆಯಾಕೆ ಕೈ ಒರೆಸಿಕೊಂಡು ಬಂದಳು. "ಇವರು ಇಲ್ಲೇ ಇರ್ತಾರಾ?" ಎಂದು ಪೊಲೀಸಿನವರು ಕೇಳಿದರೆ, "ಇಲ್ಲೇ ಇರ್ತಾರೆ, ಮತ್ತೆಲ್ಲಿಗೆ ಹೋಗ್ತಾರೆ?" ಎನ್ನುತ್ತಾ ಸಹಿ ಹಾಕಿದಳು. ಅದಾಗಿ ಎಂಟನೇ ದಿನ ನಮ್ಮನೆಯವರು ಹೋದರು.

ಬೆಳಿಗ್ಗೆ ಸ್ನಾನ ಮಾಡಿ ಬಂದು ಅಂಗಿ ಹಾಕಿಕೊಳ್ಳುತ್ತಿದ್ದರು. ನಾನು ಮಷಿನ್ನಿನ ಮುಂದಿದ್ದೆ. ಒಳಗೆ ಮಂಚ ಕಿರ್ ಎಂದ ಸದ್ದು ಕೇಳಿತು. ಹೋಗಿ ನೋಡಿದರೆ ಒಂದು ತೋಳು ಹಾಕಿಕೊಂಡಿದ್ದಾರೆ, ಇನ್ನೊಂದು ತೋಳು ಹಾಸಿಗೆಯ ಮೇಲೆ ಖಾಲಿ ಬಿದ್ದಿದೆ. ಡಾಕ್ಟರು ಬಂದು ಹೃದಯ ಎಂದರು. ಅವರು ಅಷ್ಟು ಹೇಳುವ ಹೊತ್ತಿಗೆ ನಾನು ಆ ಇನ್ನೊಂದು ತೋಳನ್ನೂ ಹಾಕಿ, ಗುಂಡಿ ಹಾಕಿ ಮುಗಿಸಿದ್ದೆ.

ನನಗೆ ಅಳು ಬರಲಿಲ್ಲ. ವಜ್ರಳ್ಳಿಯಿಂದ ಬಂದ ಅವರ ಅಕ್ಕ ನನ್ನ ಭುಜ ಹಿಡಿದು ಅಲುಗಿಸಿದರು, ಅತ್ತುಬಿಡು, ಅತ್ತುಬಿಡು ಎಂದು. ಅಳುವುದು ನನ್ನ ಕೈಯಲ್ಲಿದ್ದರೆ ಅವರ ಸಮಾಧಾನಕ್ಕಾದರೂ ಅಳುತ್ತಿದ್ದೆ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಇರುತ್ತದಲ್ಲ, ಮುಟ್ಟಿದರೆ ನಮ್ಮದಲ್ಲ ಎನ್ನಿಸುವ ಹಾಗೆ, ನನ್ನ ಮೈಯೆಲ್ಲ ಹಾಗಿತ್ತು. ಹದಿನಾಲ್ಕನೇ ದಿನ ಮಷಿನ್ನಿಗೆ ಕೂತೆ. ಯಾರದೋ ಮದುವೆಯ ರವಿಕೆಗಳಿದ್ದವು, ಮದುವೆ ನನಗಾಗಿ ಮುಂದೆ ಹೋಗುವುದಿಲ್ಲವಲ್ಲ. ಓಣಿಯವರು ಏನು ಆಡಿಕೊಂಡರೊ, ನಾನು ಕೇಳಿಸಿಕೊಳ್ಳಲಿಲ್ಲ.

ಆ ದಿನಗಳಲ್ಲಿ ಒಂದು ತಾಪತ್ರಯವಾಯಿತು. ಕಾರ್ಯದ ದಿನ ಇಡಲು ಫೋಟೊ ಬೇಕು, ಫೋಟೊ ಇಲ್ಲ. ಆಧಾರ್ ಕಾರ್ಡಿನಲ್ಲಿದ್ದದ್ದು ಬರೀ ಕಪ್ಪು ನೆರಳು, ಮುಖವೇ ತಿಳಿಯುತ್ತಿರಲಿಲ್ಲ. ಸಿದ್ದಾಪುರಕ್ಕೆ ಕೊಟ್ಟ ಮಗಳು ಮನೆಯೆಲ್ಲ ತಡಕಾಡಿ ಅವರು ಕೆಲಸಕ್ಕೆ ಸೇರಿದಾಗಿನ ಗುರುತಿನ ಚೀಟಿ ಹುಡುಕಿದಳು. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಕಪ್ಪು ಮೀಸೆ, ತಲೆ ತುಂಬ ಕೂದಲು, ಒಣಗಿದ ಕೆನ್ನೆ. ಊಟಕ್ಕೆ ಬಂದ ದೂರದ ನೆಂಟರೊಬ್ಬರು "ಇಂವ ಯಾರು, ಮಗನ?" ಎಂದು ಕೇಳಿದರು. ನನಗೆ ಮಗ ಇಲ್ಲ.

ಫೋಟೊ ಗೋಡೆಗೆ ಹೋಯಿತು. ಅದರ ಕೆಳಗೇ ನನ್ನ ಮಷಿನ್. ದಿನಾ ಫೋಟೊದ ಆ ಹುಡುಗನನ್ನು ನೋಡಿ ನೋಡಿ ಏನಾಯಿತೆಂದರೆ, ನಮ್ಮನೆಯವರ ಮುಖ ನನಗೆ ಮರೆತುಹೋಯಿತು. ಸುಳ್ಳಲ್ಲ. ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರು, ಎಡಹೆಗಲು ಒಂದು ಬೆರಳು ಕೆಳಗೆ, ಎಲ್ಲ ನೆನಪಿದೆ. ಕಣ್ಣು ಮುಚ್ಚಿದರೆ ಅಂಗಿ ಬರುತ್ತದೆ, ಕಾಲರ್ ಬರುತ್ತದೆ. ಕಾಲರಿನ ಮೇಲೆ ಮಾತ್ರ ಆ ಗೋಡೆಯ ಹುಡುಗ ಬಂದು ಕೂರುತ್ತಾನೆ. ಒಟ್ಟಿಗೆ ಬಾಳಿದವರ ಮುಖ ನೆನಪಿಲ್ಲ ಎಂದು ಯಾರ ಹತ್ತಿರ ಹೇಳಲಿ? ಮಗಳ ಹತ್ತಿರವೂ ಹೇಳಲಿಲ್ಲ. ಹೆದರಿಕೆಯಾಗಿತ್ತು. ಆ ದಿನಗಳಲ್ಲಿ ನನಗೆ ಆದದ್ದು ಅದೊಂದೇ, ಹೆದರಿಕೆ.

ಒಂದು ಮಧ್ಯಾಹ್ನ ಅವರ ಮೊಬೈಲ್ ಸದ್ದು ಮಾಡಿತು. ಪಾಸ್‌ಪೋರ್ಟ್ ತಯಾರಾಗಿ ಸ್ಪೀಡ್ ಪೋಸ್ಟಿನಲ್ಲಿ ಹೊರಟಿದೆ ಎಂಬ ಮೆಸೇಜು. ಮಗಳು ಊರಿನಿಂದ ಬಂದಿದ್ದಳು. ಓದಿದವಳೇ, "ಆಯಿ! ಅದ್ರಲ್ಲಿ ಅಪ್ಪಯ್ಯನ ಫೋಟೊ ಇರ್ತಲ್ದ?" ಎಂದಳು.

ಇರುತ್ತದೆ. ನಾನೇ ಕಾಲರ್ ಸರಿ ಮಾಡಿದ್ದು. ಅಲ್ಲಿಂದ ನಾನು ಅಂಚೆಯವನ ದಾರಿ ಕಾಯಲು ಶುರು ಮಾಡಿದೆ.

ಮೂರನೇ ದಿನ ಬಂದ. ಕೈಯಲ್ಲಿ ಎರಡು ಲಕೋಟೆ. ನನ್ನದಕ್ಕೆ ಸಹಿ ಹಾಕಿಸಿಕೊಂಡು ಕೊಟ್ಟ. ಇನ್ನೊಂದನ್ನು ಕೊಡಲಿಲ್ಲ. ಅವನು ಹೊಸಬನಲ್ಲ, ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

"ಅಕ್ಕ, ಇದನ್ನ ಅವರ ಕೈಗೇ ಕೊಡಬೇಕು. ಬೇರೆಯವರಿಗೆ ಕೊಡೋ ಹಾಗಿಲ್ಲ" ಎಂದ. ನೆಲ ನೋಡಿಕೊಂಡು ಹೇಳಿದ.

"ಹಾಗಾದ್ರೆ ಅವರ ಕೈ ಎಲ್ಲಿದೆ ನೀನೇ ಹೇಳು, ಕೊಟ್ಟು ಬಾ" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಅಷ್ಟೇ. ಪಾಪ, ಅವನ ಮುಖ ಸಣ್ಣದಾಯಿತು. ಆಮೇಲೆ ದನಿ ಇಳಿಸಿ, ಒಡೆದು ಒಂದು ಸಲ ತೋರಿಸು, ಫೋಟೊ ನೋಡಿ ವಾಪಸು ಕೊಡುತ್ತೇನೆ ಎಂದೆ. ಒಡೆದರೆ ನನ್ನ ಕೆಲಸ ಹೋಗುತ್ತದೆ ಅಕ್ಕ ಎಂದ. ಲಕೋಟೆಯನ್ನು ಸ್ವಲ್ಪ ಹೊತ್ತು ನನ್ನ ಕೈಯಲ್ಲಿಟ್ಟ, ಅಷ್ಟು ಮಾಡಿದ. ಒಳಗೆ ಪುಸ್ತಕದ ಅಂಚು ಬೆರಳಿಗೆ ಸಿಗುತ್ತಿತ್ತು. ಆಮೇಲೆ ತಗೊಂಡು, ಜಗಲಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ತೀರಿಕೊಂಡಿದ್ದಾರೆ ಎಂದು ಬರೆದು ಸಹಿ ಮಾಡಿ ಚೀಲಕ್ಕೆ ಹಾಕಿದ. ಅದು ಬೆಂಗಳೂರಿಗೆ ವಾಪಸು ಹೋಯಿತು. ನನ್ನ ಲಕೋಟೆಯನ್ನು ನಾನು ರವಿಕೆ ಬಟ್ಟೆಯ ಡಬ್ಬಕ್ಕೆ ಎಸೆದೆ. ಅದನ್ನು ಒಡೆದು ನೋಡಬೇಕೆಂದೂ ಅನ್ನಿಸಲಿಲ್ಲ.

ಶಿರಸಿಗೆ ಹೋಗಿ ಕೇಳು ಎಂದು ಮಗಳು ಹಟ ಹಿಡಿದಳು. ಬೇಕಾದೀತು, ನಿನ್ನ ಲಕೋಟೆಯನ್ನೂ ತಗೊಂಡು ಹೋಗು ಎಂದಳು. ಹೋದೆ. ಮರಣದ ದಾಖಲೆ, ನನ್ನ ಆಧಾರ್, ಎಲ್ಲದರ ಝೆರಾಕ್ಸ್ ಶಿರಸಿಯಲ್ಲಿ ಇಳಿದ ಮೇಲೆ ಮಾಡಿಸಿಕೊಂಡು ಅದೇ ಕೋಣೆಗೆ ಹೋದೆ. ಅದೇ ಹುಡುಗಿ. ನನ್ನನ್ನು ನೋಡಿ ಗುರುತು ಹಿಡಿದು ನಕ್ಕಳು, "ಸರ್ ಬರಲಿಲ್ವಾ?" ಎಂದಳು. ದಾಖಲೆಯನ್ನು ಅವಳ ಮುಂದಿಟ್ಟೆ. ಓದಿ ಅವಳೇ ಅತ್ತಳು. ನಾನು ಅವಳು ಕಣ್ಣೊರೆಸಿಕೊಳ್ಳುವವರೆಗೆ ಕಾದೆ.

ಫೋಟೊ ಅವಳ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲವಂತೆ. ತೆಗೆದ ದಿನವೇ ಮೇಲಕ್ಕೆ ಹೋಗುತ್ತದೆ. ಬೇಕಿದ್ದರೆ ಅರ್ಜಿ ಬರೆಯಿರಿ, ಕಳಿಸಿಕೊಡುತ್ತೇನೆ, ಪಾಸ್‌ಪೋರ್ಟನ್ನು ರದ್ದು ಮಾಡುತ್ತಾರೆ, ಫೋಟೊ ಕೊಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ ಮೇಡಂ ಎಂದಳು. ಬರೆದುಕೊಟ್ಟೆ. ಅವಳ ಬೆನ್ನ ಹಿಂದೆ, ನಾನು ನಿಂತಿದ್ದ, ಅವರೂ ನಿಂತಿದ್ದ ಜಾಗದಲ್ಲಿ ಈಗ ನೀರಿನ ಕ್ಯಾನ್ ಇಟ್ಟಿದ್ದರು. ಅದನ್ನೂ ನೋಡಿದೆ. ಏನೂ ಆಗಲಿಲ್ಲ.

ವಾಪಸು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಬಂದ. ಹೊಸಬ, ನನ್ನ ಗುರುತಿಲ್ಲ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಆಧಾರ್ ತೋರಿಸಬೇಕು. ಚೀಲದಲ್ಲಿ ಹುಡುಕಿದೆ, ಇಲ್ಲ. ಝೆರಾಕ್ಸ್ ಅಂಗಡಿಯ ಮಷಿನ್ನಿನ ಗಾಜಿನ ಮೇಲೆಯೇ ಬಿಟ್ಟು ಬಂದಿದ್ದೆ. ನಮ್ಮನೆಯವರಿದ್ದರೆ ನನ್ನನ್ನು ಒಂದು ವಾರ ಆಡಿಸುತ್ತಿದ್ದರು.

"ಫೋಟೊ, ವಿಳಾಸ ಇರೋ ಬೇರೆ ಏನಾದ್ರೂ ಇದ್ರೆ ತೋರಿಸಿ ಅಕ್ಕ, ಸಾಕು" ಎಂದ ಕಂಡಕ್ಟರ್.

ಚೀಲದಲ್ಲಿದ್ದದ್ದು ಲಕೋಟೆ ಒಂದೇ. ಒಡೆದು ಪುಸ್ತಕ ಕೊಟ್ಟೆ. "ಈ ರೂಟಲ್ಲಿ ಪಾಸ್‌ಪೋರ್ಟ್ ತೋರಿಸಿದವರು ನೀವೇ ಮೊದಲು" ಎಂದು ನಗುತ್ತಾ ತೆರೆದ. ಫೋಟೊ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೊ ನೋಡಿದ. "ಇದು ನೀವೇ ಹೌದಾ?" ಎಂದ.

ಕೈ ಚಾಚಿ ಇಸಿದುಕೊಂಡು ನೋಡಿದೆ. ತುಟಿ ಬಿಗಿ ಹಿಡಿದ ಒಬ್ಬ ಹೆಂಗಸು. ಹಲ್ಲು ಕಾಣುವುದಿಲ್ಲ, ಆದರೆ ಕೆನ್ನೆ ಉಬ್ಬಿದೆ, ಕಣ್ಣು ಸಣ್ಣಗಾಗಿ ತುಂಬಿ ನಗುತ್ತಿದೆ. ಆ ಕಣ್ಣು ಕ್ಯಾಮೆರಾ ನೋಡುತ್ತಿಲ್ಲ, ಅದರಿಂದ ಒಂದಿಷ್ಟು ಮೇಲೆ ನೋಡುತ್ತಿದೆ. ಆ ದಿನ ಅಲ್ಲಿ ಮೇಲೆ ಏನಿತ್ತು ಎಂದು ನಾನೂ ಕಣ್ಣು ಮುಚ್ಚಿ ನೋಡಿದೆ. ಫೋಟೊ ತೆಗೆದ ಹುಡುಗಿಯ ತಲೆಯ ಹಿಂದೆ ನೆರೆತ ಮೀಸೆ. ಬಲಗೆನ್ನೆಯ ನಾಲ್ಕು ಬಿಳಿ ಕೂದಲು. ಮೇಲೆತ್ತಿದ ಎರಡು ಬೆರಳು, ಅವುಗಳ ಹಿಂದೆ ತನಗೇನೂ ಗೊತ್ತಿಲ್ಲ ಎಂಬಂತೆ ಹುಬ್ಬೇರಿಸಿದ, ಸುಕ್ಕಾದ ಮುಖ, ಇಡೀ ಮುಖ. ಅಂಗೈ ಅಡ್ಡ ಇರಲಿಲ್ಲ.

ಬಸ್ಸಿನ ತುಂಬ ಜನರಿದ್ದರು. ನಾನು ಗಟ್ಟಿಯಾಗಿ ಅತ್ತೆ.

ಕಂಡಕ್ಟರ್ ಗಾಬರಿಯಾದ. ಆಧಾರ್ ಇಲ್ಲವೆಂದು ಅಳುತ್ತಿದ್ದೇನೆ ಎಂದುಕೊಂಡನೇನೊ. ಬೇಗ ಬೇಗ ಟಿಕೆಟ್ ಹರಿದು ನನ್ನ ಕೈಯಲ್ಲಿಟ್ಟ. "ಅಳಬೇಡಿ ಅಕ್ಕ, ಇದು ನಡೀತದೆ" ಎಂದ.