ನಾಗವೇಣಿ ಟೀಚರ್ ತಾವರೆಯನ್ನು ಹೊರಗಿಟ್ಟದ್ದು

ಅಹಮದಾಬಾದಿನ ನಮ್ಮ ಕನ್ನಡ ಸಂಘದಲ್ಲಿ ಆಗ ಎರಡು ಪಂಗಡ: ಬ್ಯಾಂಕಿನವರು, ಹೋಟೆಲಿನವರು. ಬ್ಯಾಂಕಿನವರು ವೇದಿಕೆಯ ಮೇಲೆ ಕೂರುತ್ತಿದ್ದರು, ಹೋಟೆಲಿನವರು ರಾಜ್ಯೋತ್ಸವಕ್ಕೆ ಊಟ ಕಳಿಸುತ್ತಿದ್ದರು. ನಾನು ಬ್ಯಾಂಕಿನ ಗುಮಾಸ್ತ, ಸಂಘದ ಜಂಟಿ ಕಾರ್ಯದರ್ಶಿ. ಅಂದರೆ ಕುರ್ಚಿ ಹಾಕುವುದು, ಅಧ್ಯಕ್ಷರು ಹೇಳಿದ ಪತ್ರ ಬರೆಯುವುದು ನನ್ನ ಕೆಲಸ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಯಮಾನದವನು.

ನಾಗವೇಣಿ ಹೋಟೆಲಿನವರ ಪೈಕಿ. ಕುಂದಾಪುರದ ಕಡೆಯವರು, ಪಿಯುಸಿವರೆಗೆ ಓದಿದವರು. ಗಂಡ ಮಾಧವರಾಯರಿಗೆ ಮಣಿನಗರದಲ್ಲಿ ಇಡ್ಲಿ ದೋಸೆಯ ಹೋಟೆಲು. ಬೆಳಿಗ್ಗೆ ಐದಕ್ಕೆ ಚಟ್ನಿಗೆ ಕಾಯಿ ತುರಿದ ಕೈ ಭಾನುವಾರ ಹತ್ತಕ್ಕೆ ಸಂಘದ ಸಭಾಂಗಣದಲ್ಲಿ ಸೀಮೆಸುಣ್ಣ ಹಿಡಿಯುತ್ತಿತ್ತು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹದಿನಾಲ್ಕು ಮಕ್ಕಳು ಅವರ ಶಿಷ್ಯರು. ಎಲ್ಲರೂ ಆರನೆಯ, ಏಳನೆಯ ಕ್ಲಾಸಿನವರು. ಒಂಬತ್ತು ವರ್ಷ ಸಂಬಳವಿಲ್ಲದೆ ಕಲಿಸಿದ್ದರು. ವಾರದಲ್ಲಿ ಆ ಎರಡು ಗಂಟೆ ಬಿಟ್ಟರೆ ಅವರಿಗೆ ತನ್ನದು ಎನ್ನುವುದು ಬೇರೇನೂ ಇರಲಿಲ್ಲ.

ತೊಂಬತ್ತೈದನೆಯ ಇಸವಿಯಲ್ಲಿ ಅಲಂಕಾರಗಳ ಪಾಠ ಬಂತು. ಸಂಘದ ಅಧ್ಯಕ್ಷ ಬಾಲಚಂದ್ರ ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರು ಮೈಸೂರಿನಿಂದ ತರಿಸಿದ ವ್ಯಾಕರಣದ ಪುಸ್ತಕದಲ್ಲಿ ಉಪಮೆಗೆ ಇದ್ದದ್ದು ಒಂದೇ ಉದಾಹರಣೆ: ಮುಖ ತಾವರೆಯ ಹಾಗೆ ಅರಳಿತು. ನಾಗವೇಣಿ ಪುಸ್ತಕ ಮುಚ್ಚಿ ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದರು. ಯಾವುದನ್ನು ಹೋಲಿಸುತ್ತೀರಿ? ಯಾವುದಕ್ಕೆ? ಎರಡರಲ್ಲೂ ಒಂದೇ ತರಹ ಇರುವುದು ಏನು?

"ಮೂರಕ್ಕೂ ಉತ್ತರ ಉಂಟಾದ್ರೆ ಅದು ಉಪಮೆ," ಎಂದರು. "ಹಾಗೆ, ಹೀಗೆ ಎಲ್ಲ ಬಿಟ್ಟು ಇದೇ ಅದು ಅಂದ್ರೆ ರೂಪಕ. ಇದ್ದದ್ದನ್ನು ಹಿಗ್ಗಿಸಿ ಆಕಾಶಕ್ಕೆ ಮುಟ್ಟಿಸಿದ್ರೆ ಅತಿಶಯೋಕ್ತಿ. ಆದ್ರೆ ಒಂದು ಮಾತು. ಕಣ್ಣಾರೆ ನೋಡದ್ದನ್ನು ತರ್ಲಿಕ್ಕೆ ಇಲ್ಲ. ತಾವರೆ, ಹಂಸ, ಚಕೋರ ಮೂರೂ ಈ ಕ್ಲಾಸಿಗೆ ಬರುವ ಹಾಗಿಲ್ಲ."

ಇದನ್ನೆಲ್ಲ ನನಗೆ ಹೇಳಿದವನು ಮಗ ಪ್ರಶಾಂತ್. ಅವನೂ ಆ ಕ್ಲಾಸಿನಲ್ಲಿದ್ದ. ಆ ವಾರ ಹುಡುಗರು ಬಸ್ಸು, ಚರಂಡಿ, ಗಾಳಿಪಟ ಕಂಡಲ್ಲೆಲ್ಲ ನಿಂತು, ಇದು ಯಾವುದರ ಹಾಗೆ ಎಂದು ಜಗಳವಾಡಿದರು. ಅದೂ ಕನ್ನಡದಲ್ಲಿ! ನನ್ನ ಮನೆಯಲ್ಲಿ ಅಂಥ ಪವಾಡ ಮೊದಲು ನಡೆದಿರಲಿಲ್ಲ.

ವರ್ಷದ ಪರೀಕ್ಷೆ ನಡೆಯಿತು. ಉತ್ತರಗಳನ್ನು ತಿದ್ದಿದವರು ಬಾಲಚಂದ್ರರೇ. ಉಪಮೆಯ ಪ್ರಶ್ನೆಗೆ ಹದಿನಾಲ್ಕೂ ಮಕ್ಕಳಿಗೆ ಸೊನ್ನೆ ಸುತ್ತಿದರು. ಯಾರೂ ತಾವರೆ ಬರೆದಿರಲಿಲ್ಲ ಎಂಬುದೇ ಕಾರಣ. ಕಾರ್ಯಕಾರಿ ಸಮಿತಿಯ ಸಭೆಗೆ ನಾಗವೇಣಿಯವರನ್ನು ಕರೆಸಿದರು.

"ಪುಸ್ತಕದಲ್ಲಿರೋದನ್ನ ಹೇಳಿಕೊಡಿ ಅಂದ್ರೆ ಇದೇನಮ್ಮಾ, ಗಟಾರ, ಬಸ್ಸು?" ಎಂದರು ಬಾಲಚಂದ್ರ. "ಮುಂದಿನ ವಾರ ಮರುಪರೀಕ್ಷೆ ಇಡ್ತೀನಿ. ಬಾಯಿಪಾಠ ಮಾಡಿಸಿ. ಇಲ್ಲಾಂದ್ರೆ ಎಂ.ಎ. ಮಾಡಿರೋರು ನಮ್ಮಲ್ಲೇ ಇದಾರೆ, ಅವರು ಕ್ಲಾಸ್ ತಗೋತಾರೆ."

"ಮಾಡಿಸುವುದಿಲ್ಲ ಸಾರ್," ಎಂದರು ನಾಗವೇಣಿ ಕಡ್ಡಿ ಮುರಿದಂತೆ. ಆಮೇಲೆ ಏಳು ಚೀಟಿ ಹರಿದು ನಮ್ಮ ಮುಂದೆ ಇಟ್ಟರು. "ನೀವೂ ಒಂದೊಂದು ಉಪಮೆ ಬರೀರಿ. ಎರಡು ನಿಮಿಷ."

ಆ ದನಿಗೆ ಅಧ್ಯಕ್ಷರೂ ಪೆನ್ನು ತೆಗೆದರು. ಚೀಟಿಗಳನ್ನು ಬಿಡಿಸಿ ನೋಡಿದರೆ ಏಳರಲ್ಲೂ ತಾವರೆ.

"ಏಳು ಜನ, ಒಂದೇ ವಾಕ್ಯ. ನನ್ನ ಕ್ಲಾಸಿನಲ್ಲಿ ಇದಕ್ಕೆ ಕಾಪಿ ಹೊಡೆಯುವುದು ಅಂತೇವೆ," ಎಂದು ಹೇಳಿ, ಸೊನ್ನೆ ಬಿದ್ದ ಉತ್ತರಗಳನ್ನು ಓದತೊಡಗಿದರು. "ಪೂರ್ವಿ ವಟ್ವಾದವಳು, ಬಣ್ಣದ ಕಾರ್ಖಾನೆಗಳ ಕಡೆಯವಳು. 'ನಮ್ಮ ಬೀದಿಯ ಚರಂಡಿ ನನ್ನ ಪೇಂಟ್ ಡಬ್ಬಿಯ ಹಾಗೆ, ದಿನಕ್ಕೊಂದು ಬಣ್ಣ.' ಇದು ಆದರ್ಶನದ್ದು. 'ಸಾಬರಮತಿ ನದಿ ಪರೀಕ್ಷೆ ಮುಗಿದ ಮಾರನೆಯ ದಿನದ ಸ್ಕೂಲಿನ ಹಾಗೆ ಖಾಲಿ.' ಇನ್ನೊಂದು ಕೇಳಿ. 'ನಮ್ಮಪ್ಪ ಮೀಟಿಂಗಿನಲ್ಲಿ ಟೇಬಲ್ ಫ್ಯಾನಿನ ಹಾಗೆ, ಎರಡೂ ಕಡೆ ತಲೆ ಆಡಿಸುತ್ತಾರೆ.' ಇದರಲ್ಲಿ ತಪ್ಪು ಎಂತದ್ದು ಸಾರ್?"

ಬರೆದವನ ಹೆಸರನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಟೀಚರನ್ನು ತೆಗೆಯಬೇಕೆನ್ನುವವರು ಕೈ ಎತ್ತಿ ಎಂದರು ಬಾಲಚಂದ್ರ. ಆರು ಕೈ ಮೇಲೆದ್ದವು. ಏಳನೆಯದೂ ಎದ್ದಿತು, ಅದು ನನ್ನದು. ಇಂದಿಗೂ ನಾಚಿಕೆಯಾಗುತ್ತದೆ.

ಪತ್ರ ಬರೆದವನೂ ನಾನೇ. ಭಾನುವಾರ ಮಧ್ಯಾಹ್ನ ಅದನ್ನು ಕೊಡಲು ಹೋದೆ. ಮೂರು ಗಂಟೆ, ಹೋಟೆಲಿಗೆ ಗಿರಾಕಿ ಇಲ್ಲದ ಹೊತ್ತು, ಶಟರ್ ಅರ್ಧ ಇಳಿಸಿತ್ತು. ಬಗ್ಗಿ ಒಳಹೊಕ್ಕರೆ ಹದಿನಾಲ್ಕೂ ಮಕ್ಕಳು ಟೇಬಲ್ಲುಗಳ ಸುತ್ತ ಕೂತಿದ್ದರು. ಆಟಕ್ಕೆಂದು ಮನೆಬಿಟ್ಟ ನನ್ನ ಮಗನೂ ಇದ್ದ.

ನಾಗವೇಣಿ ಪತ್ರ ಓದಿದರು. ಒಂಬತ್ತು ವರ್ಷದ ಕೆಲಸವನ್ನು ನಾಲ್ಕು ಸಾಲಿನಲ್ಲಿ ಒರೆಸಿ ಹಾಕಿದ್ದೆವು. ಅವರ ಕಣ್ಣು ತುಂಬಿತು. ಸೆರಗಿನಿಂದ ಒತ್ತಿಕೊಂಡು ಮಕ್ಕಳ ಕಡೆ ತಿರುಗಿದರು.

"ಮಕ್ಕಳೇ, ಇವತ್ತಿನ ಪಾಠ ಅತಿಶಯೋಕ್ತಿ. ಉದಾಹರಣೆ ಸಂಘದವರೇ ಕಳಿಸಿದ್ದಾರೆ. ಕೇಳಿ. 'ತಮ್ಮ ಬೋಧನೆಯಿಂದ ಕನ್ನಡ ನುಡಿಗೆ ಎಂದೂ ಅಳಿಸಲಾಗದ ಕಳಂಕ ತಗುಲಿದ್ದು, ಗುಜರಾತಿನ ಸಮಸ್ತ ಕನ್ನಡಿಗರು ಕಣ್ಣೀರು ಸುರಿಸುತ್ತಿದ್ದಾರೆ.'"

"ಸಮಸ್ತ ಕನ್ನಡಿಗರು!" ಎಂದು ಪೂರ್ವಿ ಕೈ ಎತ್ತಿದಳು. "ಟೀಚರ್, ನನ್ನ ಪಪ್ಪಾ ಅಳ್ತಾ ಇಲ್ಲ. ನಿದ್ದೆ ಮಾಡ್ತಾ ಇದಾರೆ, ಘರ್ ಮೇ ಸೋ ರಹೇ ಹೈಂ."

ನಗು ಶಟರಿನಾಚೆಗೂ ಕೇಳಿರಬೇಕು. ಪ್ರಶಾಂತ್ ಎದ್ದು ಬಂದು ಪತ್ರ ನೋಡಿದ. ಅಕ್ಷರ ಯಾರದೆಂದು ಅವನಿಗೆ ಗೊತ್ತಾಯಿತು. ನನ್ನನ್ನೊಮ್ಮೆ ನೋಡಿ, 'ಎಂದೂ ಅಳಿಸಲಾಗದ' ಎಂಬುದರ ಅಡಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದ.

ನಾಗವೇಣಿ ಪತ್ರದ ಕೆಳಗೆ ಬರೆದರು: "ಅತಿಶಯೋಕ್ತಿಗೆ ಹತ್ತಕ್ಕೆ ಹತ್ತು. ತರಗತಿ ಪ್ರತಿ ಭಾನುವಾರ ಮೂರಕ್ಕೆ, ಇಲ್ಲೇ." ಮಕ್ಕಳು ಒಬ್ಬೊಬ್ಬರಾಗಿ ಅದರಡಿ ಹೆಸರು ಹಾಕಿದರು. ಐದನೆಯ ಹೆಸರು ನಿಕಿತಾ, ಬಾಲಚಂದ್ರರ ಸ್ವಂತ ಮೊಮ್ಮಗಳು.

"ತಗೊಳ್ಳಿ, ನಿಮ್ಮ ಅಧ್ಯಕ್ಷರಿಗೆ ಕೊಡಿ," ಎಂದು ಪತ್ರವನ್ನು ನನ್ನ ಕಡೆ ಚಾಚಿದರು.

ನಾನು ಪ್ರಶಾಂತನ ಕೈಯಿಂದ ಪೆನ್ನು ತೆಗೆದುಕೊಂಡೆ. ಹದಿನೈದನೆಯ ಹೆಸರು ನನ್ನದು.