ಹತ್ತು ತಿಂಗಳ ಅಧ್ಯಕ್ಷೆ

ಕಳೆದ ಸೋಮವಾರ ನನ್ನ ತಂಗಿಯ ರಾಜೀನಾಮೆ ಪತ್ರವನ್ನು ನಾನೇ ಟೈಪ್ ಮಾಡಿಸಿದೆ. ಅವಳೇನೂ ತಪ್ಪು ಮಾಡಿರಲಿಲ್ಲ. ಮಾಡಿದವನು ನಾನು.

ತಂಗಿ ಗಂಗವ್ವ ಖಾನಾಪುರ ತಾಲೂಕಿನ ಒಂದು ಹಳ್ಳಿಯ ಪಂಚಾಯಿತಿ ಅಧ್ಯಕ್ಷೆಯಾಗಿದ್ದಳು. ಕಾನೂನು ಕೊಟ್ಟ ಅವಧಿ ಮೂವತ್ತು ತಿಂಗಳು. ಆದರೆ ಆ ಕುರ್ಚಿಯ ಮೇಲೆ ಗಂಗವ್ವನೂ ಸೇರಿ ಮೂವರು ಸದಸ್ಯೆಯರ ಕಣ್ಣು. ರಾಜಿ ಮಾಡಿಸಲು ನನ್ನನ್ನು ಬೆಳಗಾವಿಯ ಶಹಾಪುರದಿಂದ ಕರೆಸಿದರು. (ಸೈಕಲ್ ಮೇಲೆ ಸೀರೆ ಮಾರಿ ಅಂಗಡಿ ಕಟ್ಟಿದವನಿಗೆ ಇದ್ಯಾವ ಲೆಕ್ಕ?) ತಲಾ ಹತ್ತು ತಿಂಗಳು, ಮೊದಲ ಸರದಿ ಗಂಗವ್ವನದು ಎಂದು ತೀರ್ಮಾನ ಮಾಡಿಸಿದೆ. ಮೂವರೂ ಗುಡಿಯಲ್ಲಿ ದೇವರ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡಿದರು. ನಾನು ಚಹಾ ಕುಡಿದು, ಗೆದ್ದವನಂತೆ ವಾಪಸಾದೆ.

ಯಾವ ಕಾಗದ ಯಾವ ಟೇಬಲ್‌ಗೆ ಹೋಗುತ್ತದೆಂದು ತಿಳಿಯುವುದರಲ್ಲೇ ಗಂಗವ್ವನಿಗೆ ನಾಲ್ಕು ತಿಂಗಳು ಕಳೆಯಿತು. ಆಮೇಲೆ ಹಿಡಿದಳು ನೋಡಿ, ಗವಳಿವಾಡಾದ ನೀರಿನ ಕೆಲಸ. ಎಮ್ಮೆ ಸಾಕುವವರ ಹನ್ನೆರಡು ಮನೆ ಅಲ್ಲಿವೆ. ಪೈಪ್ ಕಾಡು ದಾಟಿ ಹೋಗಬೇಕು. ಅರಣ್ಯ ಇಲಾಖೆ ಒಪ್ಪಬೇಕು. ಕನ್ನಡದಲ್ಲಿ ಅರ್ಜಿ ಬರೆದಳು, ಮರಾಠಿಯಲ್ಲಿ ಜಗಳ ಬಿಡಿಸಿದಳು. ಅಷ್ಟರಲ್ಲಿ ಅರಣ್ಯ ಇಲಾಖೆಯ ಸಾಹೇಬರು ವರ್ಗವಾದರು. ಹೊಸಬರಿಗೆ ಮೊದಲಿನಿಂದ ಹೇಳಿದಳು. ಒಂದೇ ಸಹಿ ಬಾಕಿ ಇರುವಾಗ ಹತ್ತು ತಿಂಗಳು ಮುಗಿಯಿತು.

ಆಗ ನಾನೇ ಮಾತು ತಿರುಗಿಸಿದೆ. ಆಣೆ ಕಾನೂನಿನಲ್ಲಿಲ್ಲ, ಕುರ್ಚಿ ಬಿಡಬೇಡ ಎಂದೆ.

"ಅಣ್ಣಾ, ನೀ ಮಾರಿದ ಸೀರಿ ವಾಪಸ್ ಕೇಳ್ತೀಯೇನು?" ಎಂದಳು. "ಭಂಡಾರ ಮುಟ್ಟೀನಿ, ಬಿಡೂದು ಖರೇ. ಆದ್ರ ಆ ಹೆಣ್ಮಕ್ಕಳು ಇನ್ನೂ ಕೊಡ ಹೊರಾಕತ್ತಾರ. ಅವ್ರಿಗಿ ಏನ್ ಹೇಳ್ಲಿ?"

ಸೋಮವಾರ ಪತ್ರ ಟೈಪ್ ಮಾಡಿಸಿದೆ. ಬೆಳಗಾವಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅದನ್ನು ಕೊಟ್ಟು ಹೊರಬಂದೆವು. ಬಸ್ ಹತ್ತುವ ಮೊದಲು ಅವಳು ಮುಂದಿನ ಸರದಿಯಾಕೆಗೆ ಫೋನ್ ಮಾಡಿ, ಅರಣ್ಯ ಕಚೇರಿಗೆ ನಾಳೆ ಜೊತೆಗೆ ಹೋಗೋಣವೇ ಎಂದು ಕೇಳಿದಳು. ಸ್ಪೀಕರ್‌ನಲ್ಲಿ ನನಗೂ ಉತ್ತರ ಕೇಳಿಸಿತು.

"ನನಗೂ ಹತ್ತ ತಿಂಗಳಷ್ಟೇ ಐತಿ ಅಕ್ಕಾ. ಮೊದಲ ನಮ್ಮ ಓಣಿ ಗಟಾರ ಮಾಡಸ್ತೀನಿ."

ಚರಂಡಿ ಮೊದಲು ಎಂದ ಆಕೆಯದೂ ತಪ್ಪೆನ್ನಲಾರೆ. ಹತ್ತು ತಿಂಗಳಲ್ಲಿ ಯಾರಾದರೂ ತಮ್ಮ ಓಣಿಗಿಂತ ದೂರ ನೋಡುವುದು ಹೇಗೆ?

ಒಬ್ಬರೇ ಮೂವತ್ತು ವರ್ಷ ಕೂತರೆ ಕುರ್ಚಿಗೆ ಬೇರು ಬರುತ್ತದೆ. ಅವಧಿಗೆ ಮಿತಿ ಬೇಕೇ ಬೇಕು. ಆದರೆ ಬಿಟ್ಟುಹೋಗುವವರು ಬರುವವರನ್ನು ಟೇಬಲ್‌ನಿಂದ ಟೇಬಲ್‌ಗೆ ಕರೆದೊಯ್ದು ತೋರಿಸಬೇಕು ಎಂಬ ಷರತ್ತನ್ನೂ ಆಣೆಯಲ್ಲಿ ಸೇರಿಸಿ. ನಾನು ಮರೆತೆ, ನೀವು ಮರೆಯಬೇಡಿ.

ಮೂವರನ್ನೂ ಸಮಾಧಾನ ಮಾಡಿದ ನನ್ನ ಆ ರಾಜಿಯಲ್ಲಿ ಗವಳಿವಾಡಾದ ಪರವಾಗಿ ಕೂತಿದ್ದವರು ಯಾರು?