ನನ್ನ ಕೈಗುಣ, ಮಾವನ ಕತ್ತಿ

ಕೈಗುಣ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆ ಒಂದು ಮಾತಿನಿಂದ, ಮದುವೆಯಾಗಿ ಬಂದ ಮನೆಯಲ್ಲಿ ಒಂದು ಮೆಣಸಿನ ಬಳ್ಳಿ ನೆಡುವ ಯೋಗ್ಯತೆಯೂ ನನಗಿಲ್ಲದಂತಾಯಿತು.

ಕುಟ್ಟದ ತವರಿನಿಂದ ವಯನಾಡಿನ ಕಾಟ್ಟಿಕುಳಂ ಹತ್ತಿರದ ಈ ಮನೆಗೆ ಬರುವಾಗ ಹೈಡ್ರೇಂಜಿಯಾದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ತವರಿನ ಹಿತ್ತಿಲ ಗೋಡೆಯ ನೆರಳಲ್ಲಿ ಆ ಗಿಡ ತನ್ನಷ್ಟಕ್ಕೆ ಬೆಳೆದು, ಮಗುವಿನ ತಲೆಯಷ್ಟು ದೊಡ್ಡ ನೀಲಿ ಗೊಂಚಲು ಬಿಡುತ್ತಿತ್ತು. ಅದಕ್ಕೆ ಯಾರೂ ಕತ್ತಿ ಮುಟ್ಟಿಸಿದ್ದಿಲ್ಲ. ಇಲ್ಲಿ ಅಂಗಳದ ಅಂಚಿಗೆ ನೆಟ್ಟೆ. ಕಡ್ಡಿಗಳೆಲ್ಲ ಚಿಗುರಿ ಸೊಂಟದೆತ್ತರ ಬೆಳೆದವು, ಹೂ ಮಾತ್ರ ಬಿಡಲಿಲ್ಲ. ಮರುವರ್ಷವೂ ಇಲ್ಲ, ಅದರ ಮರುವರ್ಷವೂ ಇಲ್ಲ.

ನನ್ನ ಕೈಗುಣ ಸರಿಯಿಲ್ಲ ಎಂದು ಅತ್ತೆ ತೀರ್ಪು ಕೊಟ್ಟುಬಿಟ್ಟರು. ಅದೇ ಅಂಗಳದಲ್ಲಿ ನಾನೇ ನೆಟ್ಟ ಡೇರೆ ಹೂ ಊಟದ ತಟ್ಟೆಯಷ್ಟಗಲ ಅರಳುತ್ತಿತ್ತು. ಸೇವಂತಿಗೆ, ಜಿನಿಯಾ ಎಲ್ಲ ಕೆಂಪು, ಹಳದಿ ತುಂಬಿಕೊಂಡು ನಿಂತಿರುತ್ತಿದ್ದವು. ಅವು ಯಾವುದೂ ಲೆಕ್ಕಕ್ಕಿಲ್ಲ. ಡೇರೆ ಅರಳಿದ್ದು ಮನೆಯ ಸಗಣಿ ಗೊಬ್ಬರದಿಂದ, ಹೈಡ್ರೇಂಜಿಯಾ ಅರಳದಿದ್ದದ್ದು ನನ್ನ ಕೈಯಿಂದ. ಆರಿದ್ರೆ ಮಳೆಗೆ ಕಾಳುಮೆಣಸಿನ ಬಳ್ಳಿ ನೆಡುವಾಗ ಕೈಗುಣವಿದ್ದವರೇ ನೆಡಬೇಕೆಂಬುದು ಈ ಮನೆಯ ಪದ್ಧತಿ. ಬಳ್ಳಿಯ ಕಟ್ಟು ಓರಗಿತ್ತಿಯ ಕೈಗೆ ಹೋಗುತ್ತಿತ್ತು, ನನ್ನನ್ನು ಕಾಫಿ ಕಾಯಿಸಲು ಒಳಗೆ ಕಳಿಸುತ್ತಿದ್ದರು. ನಾನು ತೋಟದ ಮನೆಯ ಮಗಳು, ಮಣ್ಣಲ್ಲೇ ಆಡಿ ಬೆಳೆದವಳು. ಒಲೆಯ ಮುಂದೆ ಕೂತು ಹಲ್ಲು ಕಡಿಯುತ್ತಿದ್ದೆ.

ಮಾವ ಕಾಫಿಯಲ್ಲೇ ಜೀವ ಸವೆಸಿದವರು. ಕೊಯ್ಲು ಮುಗಿದು ಕಾಫಿ ಗಿಡ ಸವರಲು ಆಳುಗಳು, ಇಲ್ಲಿಯ ಮಾತಲ್ಲಿ ಪಣಿಕಾರರು, ಬಂದಾಗ, ಪ್ರತಿವರ್ಷ ಅವರನ್ನು ಅಂಗಳಕ್ಕೂ ಕರೆತಂದು ಹೈಡ್ರೇಂಜಿಯಾವನ್ನು ಮೊಣಕಾಲೆತ್ತರಕ್ಕೆ ಸವರಿಸುತ್ತಿದ್ದರು. ಕಾಫಿಗೆ ಹೇಗೋ ಹೂವಿಗೂ ಹಾಗೆ. ಬೇಡ ಎಂದು ಒಮ್ಮೆ ಹೇಳಿದ್ದಕ್ಕೆ ಆಳುಗಳ ಎದುರೇ ನಕ್ಕರು.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಎಲ್ಲಿ ನೋಡಿದರೂ ರಸ್ತೆ, ಕಚೇರಿ, ಕಟ್ಟಡದ ಕೆಲಸ. ನಮ್ಮ ಆಳುಗಳೆಲ್ಲ ಅತ್ತ ಹೋದರು. ಆ ವರ್ಷ ಮಾವ ಮಕ್ಕಳನ್ನು ಕಟ್ಟಿಕೊಂಡು ಕಾಫಿ ಸವರುವಷ್ಟರಲ್ಲೇ ಸುಸ್ತಾದರು, ಅಂಗಳಕ್ಕೆ ಯಾರೂ ಬರಲಿಲ್ಲ. ಬೇಸಿಗೆಯ ಮಳೆ ಬಿದ್ದದ್ದೇ ತಡ, ಕೊಂಬೆಗಳ ತುದಿಯಲ್ಲಿ ಹಸಿರು ಗೊಂಚಲು ಮೂಡಿದವು. ಮೇ ಕೊನೆಯ ಹೊತ್ತಿಗೆ ಅಂಗಳದ ಅಂಚು ಪೂರಾ ನೀಲಿ.

ನಾನು ಗಿಡದ ಬುಡದಲ್ಲಿ ಕೂತು ಒಂದೊಂದೇ ಕೊಂಬೆ ಹಿಡಿದು ನೋಡಿದೆ. ಹೂವಿದ್ದದ್ದು ಹೋದ ವರ್ಷದ ಕೊಂಬೆಗಳಲ್ಲಿ. ಈ ವರ್ಷ ಬುಡದಿಂದ ಎದ್ದ ಹೊಸ ಕೊಂಬೆಗಳಲ್ಲಿ ಒಂದೂ ಇರಲಿಲ್ಲ. ಅಂದರೆ ಇಷ್ಟು ವರ್ಷ ಮೊಗ್ಗು ಹೊತ್ತ ತುದಿಯನ್ನೇ ಕಡಿಸಿ ಬಿಸಾಕಿ, ಹೂ ಬರಲಿಲ್ಲವೆಂದು ನನ್ನನ್ನು ದೂರಿದ್ದರು.

ಆರಿದ್ರೆ ಮಳೆ ಹಿಡಿಯಿತು. ಅತ್ತೆ ಬಳ್ಳಿಯ ಕಟ್ಟು ಹಿಡಿದು ಬಂದು ನಗುತ್ತಾ ನನ್ನ ಮುಂದೆ ಚಾಚಿದರು.

“ತಗ, ಈ ಸಲ ನೀನೇ ನೆಡು. ನಿನ್ ಕೈಗುಣ ಈಗ ಸರಿಯಾಯ್ತಲ್ಲ.”

“ಕೈ ಅದೇ ಅತ್ತೆ. ಈ ಸಲ ಪಣಿಕಾರ್ರು ಬರ್ಲಿಲ್ಲ, ಕತ್ತಿ ಬೀಳ್ಲಿಲ್ಲ, ಅಷ್ಟೇ,” ಎಂದೆ.

ಜಗಲಿಯಲ್ಲಿ ಕೂತಿದ್ದ ಮಾವನಿಗೂ ಕೇಳುವಂತೆಯೇ ಹೇಳಿದೆ, ಕೊಂಬೆ ಬಗ್ಗಿಸಿ ತೋರಿಸಿದೆ. ಅವರು ಎಲೆಅಡಿಕೆ ಜಗಿಯುತ್ತಾ, ಈ ವರ್ಷ ಬೇಸಿಗೆ ಮಳೆ ಚೆನ್ನಾಗಿತ್ತು ಎಂದಷ್ಟೇ ಹೇಳಿದರು. ಆ ಬಳ್ಳಿ ನೆಡಬೇಕೆಂದು ಎಷ್ಟು ವರ್ಷ ಆಸೆಪಟ್ಟಿದ್ದೆನೋ. ಆದರೂ ಅತ್ತೆ ದಯಪಾಲಿಸಿದ ಕೈಗುಣ ನನಗೆ ಬೇಕಿರಲಿಲ್ಲ. ಕಟ್ಟನ್ನು ಮುಟ್ಟಲಿಲ್ಲ.

ಅಂದಿನಿಂದ ಅಂಗಳದಲ್ಲಿ ಕತ್ತರಿ ನನ್ನದೇ. ಹೂ ಬಾಡಿದ ಕೂಡಲೇ, ಮಳೆಗಾಲದಲ್ಲೇ, ಗೊಂಚಲಿನ ಕೆಳಗೆ ಜೋಡಿ ಮೊಗ್ಗು ಉಳಿಯುವಂತೆ ಕತ್ತರಿಸುತ್ತೇನೆ. ಕಾಫಿ ಸವರುವ ದಿನಗಳಲ್ಲಿ ಅಂಗಳ ಬಿಟ್ಟು ಕದಲುವುದಿಲ್ಲ. ತಿರುನೆಲ್ಲಿ ಕಡೆಯಿಂದಲೂ ಹೆಂಗಸರು ಕಡ್ಡಿ ಕೇಳಿಕೊಂಡು ಬರುತ್ತಾರೆ. ಕೊಯ್ಲಾದ ಮೇಲೆ ಇದಕ್ಕೆ ಕತ್ತಿ ಮುಟ್ಟಿಸಬೇಡಿ ಎಂದು ಹೇಳಿಯೇ ಕೊಡುತ್ತೇನೆ.

ಹೋದ ವರ್ಷ ಕಡ್ಡಿ ಒಯ್ದಿದ್ದ ಹೊಸ ಸೊಸೆಯೊಬ್ಬಳು ಮೊನ್ನೆ ಬಂದು ತಲೆತಗ್ಗಿಸಿ ನಿಂತಳು. ಗಿಡ ಬೆಳೆದಿದೆಯಂತೆ, ಹೂವಿಲ್ಲವಂತೆ.

“ಮನೇಲೆಲ್ಲ ಹೇಳ್ತಾರೆ ಅಕ್ಕಾ, ನನ್ ಕೈಗುಣ ಸರಿ ಇಲ್ವಂತೆ.”

ಒಲೆಯ ಮೇಲಿದ್ದ ಪಾತ್ರೆ ಇಳಿಸಿ, ಅವಳ ಮಾವನ ಹತ್ತಿರ ಮಾತಾಡಲು ಅವಳ ಜೊತೆಗೇ ಹೊರಟೆ.